ಬೇಸರಕ್ಕೆ ತಿನ್ನುವ ಅಭ್ಯಾಸವನ್ನು ಹತೋಟಿಗೆ ತರುವ ಕ್ರಮ

ಬೇಸರ, ಸಿಟ್ಟು, ಆತಂಕ ಬಂದಾಗಲೆಲ್ಲ ಏನಾದರೂ ತಿನ್ನುವ ಅಭ್ಯಾಸ ಬಿಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವುದು ಒಂದೇ ಕೆಲಸ: ನಾಳೆಯಿಂದ ಸಿಹಿ ಬಂದ್, ಕುರುಕಲು ಬಂದ್, ರಾತ್ರಿ ಊಟ ಅರ್ಧ. ಕೆಲವು ದಿನ ನಡೆಯುತ್ತದೆ. ಆಮೇಲೊಂದು ದಿನ ಮನಸ್ಸಿಗೆ ಏನಾದರೂ ಚುಚ್ಚಿದರೆ ಮೊದಲಿಗಿಂತ ಹೆಚ್ಚೇ ತಿಂದಿರುತ್ತಾರೆ. ಜೊತೆಗೆ ‘ನನಗೆ ಮನೋಬಲವೇ ಇಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುವುದು ಬೇರೆ. ಇಲ್ಲಿ ತಪ್ಪಿದ್ದು ಕೆಲಸದ ಅನುಕ್ರಮ. ಮೊದಲು ಹೊಟ್ಟೆಯ ಹಸಿವನ್ನು ಸರಿಯಾಗಿ ತೀರಿಸಬೇಕು. ಅದು ತೀರಿದ ಮೇಲೆ ಮನಸ್ಸಿನ ಕಾರಣ ತಾನಾಗಿ ಎದ್ದು ಕಾಣುತ್ತದೆ. ಕಾರಣ ಕಂಡ ಮೇಲೆ ಅದಕ್ಕೆ ತಕ್ಕ ಬೇರೆ ಉಪಾಯ ಹುಡುಕಬಹುದು. ತಿಂಡಿಯನ್ನು ಕಡಿಮೆ ಮಾಡಲು ಹೊರಡುವುದು ಕೊನೆಯ ಕೆಲಸ. ಎಷ್ಟೋ ಜನರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ದುಃಖದಲ್ಲಿ ಇಷ್ಟವಾದುದನ್ನು ಸ್ವಲ್ಪ ತಿಂದು ಸಮಾಧಾನ ಪಡುವುದು ರೋಗವಲ್ಲ, ಎಲ್ಲರೂ ಮಾಡುತ್ತಾರೆ. ಮನಸ್ಸು ಕೆಟ್ಟಾಗ ತಿನ್ನುವುದೊಂದೇ ದಾರಿ ಎಂಬಂತಾದಾಗ, ತಿಂದ ಮೇಲೆ ಪ್ರತಿ ಸಲವೂ ಸಂಕಟವಾಗುವಾಗ, ಅಥವಾ ಆರೋಗ್ಯಕ್ಕೆ ಪೆಟ್ಟು ಬೀಳುವಾಗ ಮಾತ್ರ ಇದನ್ನು ಕೈಗೆತ್ತಿಕೊಳ್ಳಬೇಕು. ಗುರಿಯನ್ನೂ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ: ವಾರಕ್ಕೆ ಐದು ಸಲ ಆಗುವುದು ಎರಡು ಸಲಕ್ಕೆ ಇಳಿದರೆ ಅದು ದೊಡ್ಡ ಗೆಲುವು. ಸೊನ್ನೆಗೆ ಇಳಿಸಲು ಹೊರಟವರೇ ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ.

ಬಂದ್ ಮಾಡಿದರೆ ಏಕೆ ಕೆಡುತ್ತದೆ

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಬರಬರುತ್ತ ಅವರ ಮಾತು, ಯೋಚನೆ, ಕನಸು ಎಲ್ಲವೂ ಊಟದ ಸುತ್ತಲೇ ಸುತ್ತತೊಡಗಿದವು. ಅಡುಗೆ ಪುಸ್ತಕಗಳನ್ನು ಕೂತು ಓದುವವರಾದರು. ಸಿಡುಕು, ಮಂಕು ಹೆಚ್ಚಾಯಿತು. ಮತ್ತೆ ಬೇಕಾದಷ್ಟು ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಮನಸ್ಸು ಗಟ್ಟಿಯಿದ್ದವರನ್ನೇ ಆರಿಸಿದ ಗುಂಪು ಅದು. ಅರೆಹೊಟ್ಟೆಯಲ್ಲಿ ಇರುವವರ ಮನಸ್ಸು ತಿಂಡಿಯನ್ನೇ ಧ್ಯಾನಿಸುವುದು ದೇಹದ ಸಹಜ ಗುಣ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬಂದ್ ಮಾಡುವುದರಲ್ಲಿ ಇನ್ನೂ ಒಂದು ತೊಡಕಿದೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಮಾಡಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಎಷ್ಟು ಬೇಕೋ ಅಷ್ಟು ಐಸ್‌ಕ್ರೀಂ ತಿನ್ನಲು ಬಿಟ್ಟರು. ಊಟದ ಮೇಲೆ ಕಟ್ಟುನಿಟ್ಟು ಇಟ್ಟುಕೊಳ್ಳದವರು, ಹೊಟ್ಟೆಗೆ ಮೊದಲೇ ಬಿದ್ದಿದ್ದರಿಂದ, ಕಡಿಮೆ ತಿಂದರು. ಕಟ್ಟುನಿಟ್ಟಿನವರು ಮಾತ್ರ ಏನೂ ಕುಡಿಯದೆ ಬಂದಿದ್ದ ತಮ್ಮಂಥವರಿಗಿಂತಲೂ ಹೆಚ್ಚು ತಿಂದರು. ‘ಹೇಗೂ ವ್ರತ ಕೆಟ್ಟಿತು, ಇನ್ನೇನು’ ಎಂಬ ಲೆಕ್ಕಾಚಾರವೇ ಇದು. ನಿಯಮ ಎಷ್ಟು ಬಿಗಿಯೋ ಅದು ಮುರಿದಾಗಿನ ಬೀಳು ಅಷ್ಟು ಆಳ. ಆದ್ದರಿಂದ ಮುಂದೆ ಹೇಳುವ ಯಾವ ಹೆಜ್ಜೆಯಲ್ಲೂ ‘ಇದನ್ನು ಮುಟ್ಟಲೇಬಾರದು’ ಎಂಬ ಪಟ್ಟಿ ಇಲ್ಲ. (ವೈದ್ಯರು ಸಕ್ಕರೆ ಕಾಯಿಲೆಗೋ ಅಲರ್ಜಿಗೋ ಬೇಡವೆಂದಿದ್ದರೆ ಅದು ಬೇರೆ ಮಾತು, ಅದನ್ನು ಪಾಲಿಸಿ.)

ಹೊಟ್ಟೆಯ ಹಸಿವೋ, ಮನಸ್ಸಿನದೋ

ಹೊಟ್ಟೆಯ ಹಸಿವು ನಿಧಾನವಾಗಿ ಏರುತ್ತದೆ, ಹಿಂದಿನ ಊಟವಾಗಿ ಮೂರು ನಾಲ್ಕು ಗಂಟೆಯಾಗಿರುತ್ತದೆ, ಏನು ಕೊಟ್ಟರೂ ಆದೀತು ಅನಿಸುತ್ತದೆ, ತಿಂದ ಮೇಲೆ ಅಡಗುತ್ತದೆ. ಮನಸ್ಸಿನದು ಥಟ್ಟನೆ ಬರುತ್ತದೆ, ಇಂಥದ್ದೇ ಬೇಕು ಎಂದು ಹಟ ಹಿಡಿಯುತ್ತದೆ, ಹೊಟ್ಟೆಗಿಂತ ಬಾಯಿ, ಎದೆ, ಗಂಟಲಿನ ಹತ್ತಿರ ಅದರ ಸುಳಿವು ಸಿಗುತ್ತದೆ, ಹೊಟ್ಟೆ ಬಿರಿಯುವಂತಾದರೂ ನಿಲ್ಲುವುದಿಲ್ಲ. ಪುಸ್ತಕದ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ. ದಿನನಿತ್ಯದಲ್ಲಿ ಹೆಚ್ಚಿನ ಸಲ ಎರಡೂ ಕಲೆತೇ ಬರುತ್ತವೆ. ಮಧ್ಯಾಹ್ನ ಗಡಿಬಿಡಿಯಲ್ಲಿ ನಾಲ್ಕು ತುತ್ತು ತಿಂದು, ಸಂಜೆ ಏಳಕ್ಕೆ ಬೈಸಿಕೊಂಡು ಮನೆಗೆ ಬಂದವರು ಬಿಸ್ಕೆಟ್ ಪ್ಯಾಕೆಟ್ ಖಾಲಿ ಮಾಡಿದರೆ ಅದರಲ್ಲಿ ಅರ್ಧ ಹಸಿವಿನದು, ಅರ್ಧ ಅವಮಾನದ್ದು. ಹಸಿವಿನ ಅರ್ಧವನ್ನು ಮೊದಲು ತೆಗೆದುಹಾಕಿದರೆ ಉಳಿದರ್ಧ ನಿಭಾಯಿಸುವಷ್ಟು ಚಿಕ್ಕದಾಗುತ್ತದೆ.

ಅಳತೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದು ಸುಲಭ. ಸೊನ್ನೆ ಎಂದರೆ ಹಸಿವಿನಿಂದ ತಲೆ ಸುತ್ತುವ ಸ್ಥಿತಿ, ಐದು ಎಂದರೆ ಹಸಿವೂ ಇಲ್ಲ ಹೊಟ್ಟೆ ಭಾರವೂ ಇಲ್ಲ, ಹತ್ತು ಎಂದರೆ ಉಸಿರಾಡಲೂ ಕಷ್ಟವಾಗುವಷ್ಟು ತುಂಬಿದ್ದು. ಮೂರು ಅಥವಾ ನಾಲ್ಕರಲ್ಲಿ ಊಟಕ್ಕೆ ಕೂತು ಆರೇಳರಲ್ಲಿ ಏಳುವುದು ಚೆನ್ನ. ಎರಡಕ್ಕೆ ಇಳಿದ ಮೇಲೆ ಯಾರೂ ನಿಧಾನವಾಗಿ ಆರಿಸಿ ತಿನ್ನಲಾರರು. ಮೊದಲ ವಾರ ಈ ಅಂಕ ಸರಿಯಾಗಿ ತಿಳಿಯದೇ ಹೋಗಬಹುದು, ಅದರಲ್ಲೂ ವರ್ಷಗಟ್ಟಲೆ ಪಥ್ಯ ಮಾಡಿದವರಿಗೆ ಹಸಿವಿನ ಸುಳಿವೇ ಮಂಕಾಗಿರುತ್ತದೆ. ಗಾಬರಿ ಬೇಡ, ಹೊತ್ತಿಗೆ ಸರಿಯಾಗಿ ತಿನ್ನತೊಡಗಿದ ಮೇಲೆ ಮರಳುತ್ತದೆ.

ಒಂದು ಎಚ್ಚರಿಕೆ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು, ಕೈ ನಡುಕ, ಬೆವರು, ಎದೆ ಬಡಿತದ ಜೊತೆ ಬರುವ ದಿಢೀರ್ ಹಸಿವನ್ನು ಮನಸ್ಸಿನದೆಂದು ತಳ್ಳಿಹಾಕಬಾರದು, ಕಾಯಲೂ ಬಾರದು. ರಕ್ತದ ಸಕ್ಕರೆ ನೋಡಿಕೊಳ್ಳಿ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ತಕ್ಷಣ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ನೋಡುವ ಯಂತ್ರ ಹತ್ತಿರ ಇಲ್ಲದಿದ್ದರೆ ಮೊದಲು ಸಕ್ಕರೆ ತಿನ್ನಿ.

ಒಳಗೆ ಏನು ನಡೆಯುತ್ತದೆ

ದಿಢೀರ್ ಭಯವಾದಾಗ ಹಸಿವು ಸತ್ತುಹೋಗುತ್ತದೆ, ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ ಅದು. ಒತ್ತಡ ದಿನಗಟ್ಟಲೆ ಎಳೆದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಮೇಲೆಯೇ ಉಳಿದು ಹಸಿವನ್ನು ಹೆಚ್ಚಿಸುತ್ತದೆ, ಮುಖ್ಯವಾಗಿ ಸಿಹಿ ಮತ್ತು ಜಿಡ್ಡಿನ ಪದಾರ್ಥಗಳ ಕಡೆ ಎಳೆಯುತ್ತದೆ. ಇದಕ್ಕೆ ನಿದ್ದೆಗೇಡು ಸೇರಿದರೆ ಮುಗಿಯಿತು. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದಾಗ, ಹತ್ತು ಗಂಟೆ ಮಲಗಿದ ದಿನಗಳಿಗೆ ಹೋಲಿಸಿದರೆ, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ 18ರಷ್ಟು ಕಡಿಮೆಯಾಗಿತ್ತು, ಹಸಿವೆಬ್ಬಿಸುವ ಘ್ರೆಲಿನ್ ಶೇ 28ರಷ್ಟು ಹೆಚ್ಚಾಗಿತ್ತು. ಚಿಕ್ಕ ಪ್ರಯೋಗ ನಿಜ. ಆದರೂ ನಿದ್ದೆಗೆಟ್ಟ ಮರುದಿನ ಬಾಯಿಗೆ ಏನೇನೋ ಬೇಕೆನಿಸುವುದು ಏಕೆಂದು ಅದು ಹೇಳುತ್ತದೆ.

ಉಳಿದದ್ದು ಕಲಿಕೆ. ಮನಸ್ಸು ಕೆಟ್ಟಿತು, ತಿಂದೆ, ಐದು ನಿಮಿಷ ಹಗುರವಾಯಿತು. ನೂರು ಸಲ ಹೀಗಾದ ಮೇಲೆ ಮನಸ್ಸು ಕೆಡುವುದೇ ತಡ, ಮಿದುಳು ತಿಂಡಿಯ ನೆನಪನ್ನು ಮುಂದೆ ತಂದು ನಿಲ್ಲಿಸುತ್ತದೆ. ಆದರೆ ಆ ಹಗುರ ತಿಂಡಿಯಿಂದಲೇ ಬಂತೇ? 2014ರಲ್ಲಿ ಪ್ರಕಟವಾದ, ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದರಲ್ಲಿ ಜನರಿಗೆ ಮನಸ್ಸು ಕದಡುವ ಚಿತ್ರದ ತುಣುಕುಗಳನ್ನು ತೋರಿಸಿ, ಕೆಲವರಿಗೆ ಅವರೇ ಹೇಳಿದ ‘ಸಮಾಧಾನದ ತಿಂಡಿ’, ಕೆಲವರಿಗೆ ಬೇರೆ ತಿಂಡಿ ಕೊಟ್ಟರು, ಕೆಲವರಿಗೆ ಏನನ್ನೂ ಕೊಡಲಿಲ್ಲ. ಎಲ್ಲರ ಮನಸ್ಸೂ ಹೆಚ್ಚು ಕಡಿಮೆ ಒಂದೇ ಸಮನೆ ಸುಧಾರಿಸಿತು. ಕಾಲ ಕಳೆದದ್ದರಿಂದ ಆದ ಗುಣವನ್ನು ನಾವು ತಿಂಡಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿರುತ್ತೇವೆ.

ಮೊದಲ ಎರಡು ವಾರ: ಹೊತ್ತಿಗೆ ಸರಿಯಾಗಿ ತಿನ್ನಿ, ಬೇರೇನೂ ಬೇಡ

ದಿನಕ್ಕೆ ಮೂರು ಊಟ, ನಡುವೆ ಎರಡು ಲಘು ತಿಂಡಿ. ಎಚ್ಚರವಿರುವ ಹೊತ್ತಿನಲ್ಲಿ ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ತಡೆಯಲಾಗದೆ ಅತಿಯಾಗಿ ತಿನ್ನುವ ತೊಂದರೆಗೆ ಚಿಕಿತ್ಸೆ ಕೊಡುವ ತಜ್ಞರು ಮೊದಲು ಮಾಡಿಸುವುದು ಇದನ್ನೇ. ಎದ್ದು ಒಂದು ಗಂಟೆಯೊಳಗೆ ಬೆಳಗಿನದು, ಆಮೇಲೆ ಮೂರು ಮೂರೂವರೆ ಗಂಟೆಗೊಮ್ಮೆ ಮುಂದಿನದು ಎಂದು ಹೊತ್ತುಗಳನ್ನು ಹಿಂದಿನ ರಾತ್ರಿಯೇ ಬರೆದಿಡಿ. ಹಸಿವಾಗಿಲ್ಲ ಎಂದು ಬಿಡಬೇಡಿ, ಸ್ವಲ್ಪವಾದರೂ ತಿನ್ನಿ. ಈ ಎರಡು ವಾರ ಹೊಟ್ಟೆಗಿಂತ ಗಡಿಯಾರದ ಮಾತು ಹೆಚ್ಚು.

ಪ್ರತಿ ಊಟದಲ್ಲೂ ಕಾಳು, ಮೊಟ್ಟೆ, ಮೊಸರು, ಮೀನು, ಮಾಂಸ ಇವುಗಳಲ್ಲಿ ಯಾವುದಾದರೂ ಒಂದು ಪ್ರೋಟೀನು, ಒಂದು ತರಕಾರಿ, ಹೊಟ್ಟೆ ನಿಲ್ಲಿಸುವಷ್ಟು ಧಾನ್ಯ ಇರಲಿ. ಬರೀ ಹಣ್ಣು, ಬರೀ ಸಲಾಡ್ ತಿಂದು ಎದ್ದರೆ ಎರಡು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ.

ಕೆಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಊಟ ಮತ್ತು ಸಂಜೆಯ ಲಘು ತಿಂಡಿಯಲ್ಲಿ. ‘ರಾತ್ರಿ ಹೇಗೂ ಹೆಚ್ಚು ತಿನ್ನುತ್ತೇನೆ, ಹಗಲು ಉಳಿಸೋಣ’ ಎಂದು ಲೆಕ್ಕ ಹಾಕುವವರಿದ್ದಾರೆ. ರಾತ್ರಿ ಹೆಚ್ಚು ತಿನ್ನಲು ಕಾರಣವೇ ಆ ಉಳಿತಾಯ. ಸಂಜೆ ನಾಲ್ಕೂವರೆ ಐದರ ಹೊತ್ತಿನ ತಿಂಡಿಯನ್ನು ಮಾತ್ರ ಏನೇ ಆದರೂ ತಪ್ಪಿಸಬೇಡಿ. ಒಂದು ಹಿಡಿ ಕಡಲೆಬೀಜ, ಒಂದು ಹಣ್ಣು ಸಾಕು. ಕೆಲಸದಿಂದ ಮನೆಗೆ ಬಂದು ನೇರ ಅಡುಗೆಮನೆಗೆ ನುಗ್ಗುವ ಅಭ್ಯಾಸ ಇದೊಂದರಿಂದಲೇ ತಗ್ಗಿದವರು ಬಹಳ. ಈ ಎರಡು ವಾರ ತೂಕ ನೋಡಬೇಡಿ. ಒಂದಿಷ್ಟು ಏರಬಹುದು, ಇಳಿಯಬಹುದು, ಆ ಸಂಖ್ಯೆ ಕಂಡ ಕೂಡಲೇ ಮತ್ತೆ ಊಟ ಬಿಡುವ ಯೋಚನೆ ಶುರುವಾಗುತ್ತದೆ.

ನಿದ್ದೆಯನ್ನೂ ಈ ಹೊತ್ತಿನಲ್ಲೇ ಸರಿಪಡಿಸಿಕೊಳ್ಳಿ. ಏಳು ಗಂಟೆಯಾದರೂ ಬೇಕು. ರಾತ್ರಿ ಹನ್ನೊಂದರ ಮೇಲೆ ಎಚ್ಚರವಿದ್ದು ತಿನ್ನುವ ಸಮಸ್ಯೆ ಇರುವವರು ಅರ್ಧ ಗಂಟೆ ಮುಂಚೆ ಮಲಗಿದರೆ ಅಷ್ಟರಮಟ್ಟಿಗೆ ತಿನ್ನುವ ಅವಕಾಶವೇ ಕಡಿಮೆ.

ಬರೆದಿಡುವ ಪುಸ್ತಕ

ಜೇಬಿನಲ್ಲಿ ಹಿಡಿಯುವ ಚಿಕ್ಕ ಪುಸ್ತಕ ಅಥವಾ ಫೋನಿನ ಟಿಪ್ಪಣಿ. ಪ್ರತಿ ಸಲ ಬಾಯಿಗೆ ಏನಾದರೂ ಹೋದಾಗ ಆರು ವಿಷಯ: ಹೊತ್ತು, ಎಲ್ಲಿ, ಏನು, ತಿನ್ನುವ ಮೊದಲು ಹಸಿವಿನ ಅಂಕ, ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಏನಾಯಿತು, ಮನಸ್ಸು ಹೇಗಿತ್ತು. ಕ್ಯಾಲೊರಿ ಬರೆಯಬೇಡಿ, ಗ್ರಾಂ ಬರೆಯಬೇಡಿ. ಸಂಖ್ಯೆ ಬಂದ ತಕ್ಷಣ ಪುಸ್ತಕ ನ್ಯಾಯಾಲಯವಾಗುತ್ತದೆ, ಹೆಚ್ಚು ತಿಂದ ದಿನ ಬರೆಯುವುದೇ ಬೇಡವೆನಿಸುತ್ತದೆ. ನಮಗೆ ಬೇಕಾದದ್ದು ಆ ದಿನದ ಪುಟವೇ.

ಒಂದು ಪುಟ ಹೀಗಿರಬಹುದು:

‘ರಾತ್ರಿ 9.40. ಅಡುಗೆಮನೆ, ನಿಂತುಕೊಂಡೇ. ಚಿಪ್ಸ್ ಪೂರ್ತಿ ಪ್ಯಾಕೆಟ್, ಆಮೇಲೆ ಚಾಕೊಲೇಟ್. ಹಸಿವು 6. ಅಣ್ಣನ ಫೋನ್ ಬಂದಿತ್ತು, ದುಡ್ಡಿನ ಮಾತು. ನಾನು ಏನೂ ಹೇಳದೆ ಹೂಂ ಹೂಂ ಅಂದೆ. ಸಿಟ್ಟು, ಆದರೆ ಯಾರ ಮೇಲೆ ಗೊತ್ತಿಲ್ಲ.’

ಈ ಐದು ಸಾಲಿನಲ್ಲಿ ಎಷ್ಟು ವಿಷಯವಿದೆ ನೋಡಿ. ಹಸಿವು 6, ಅಂದರೆ ಊಟ ಸಾಕಷ್ಟು ಆಗಿತ್ತು. ನಿಂತುಕೊಂಡೇ ತಿಂದದ್ದು, ಅಂದರೆ ತಿನ್ನಲು ನಿರ್ಧರಿಸಿ ಕೂತದ್ದಲ್ಲ, ಕಾಲು ತಾನಾಗಿ ಅಲ್ಲಿಗೆ ನಡೆದದ್ದು. ಗರಿಗರಿ ಪದಾರ್ಥವನ್ನು ಮೊದಲು ಕೈಗೆತ್ತಿಕೊಂಡದ್ದು. ಸಿಟ್ಟು ನುಂಗಿದವರು ಕಡಿಯಲು ಸಿಗುವುದನ್ನು ಹುಡುಕುವುದುಂಟು. ಎಲ್ಲಕ್ಕಿಂತ ಮುಖ್ಯ ‘ಹೂಂ ಹೂಂ ಅಂದೆ’ ಎಂಬ ಮಾತು. ಇಲ್ಲಿ ಚಿಪ್ಸ್ ಬಚ್ಚಿಟ್ಟರೆ ಆಗುವ ಉಪಯೋಗ ಅಲ್ಪ. ಅಣ್ಣನಿಗೆ ಹೇಳಬೇಕಿದ್ದ ಒಂದು ವಾಕ್ಯ ಹೇಳಲು ಕಲಿತರೆ ಆಗುವ ಉಪಯೋಗ ದೊಡ್ಡದು.

ತಿಂದ ಕೂಡಲೇ ಬರೆಯಬೇಕು, ಸಾಧ್ಯವಾದರೆ ತಿನ್ನುವ ಮೊದಲೇ. ಮಲಗುವಾಗ ಇಡೀ ದಿನದ್ದನ್ನು ನೆನೆದು ಬರೆದರೆ ಮನಸ್ಸಿನ ಕಾಲಂ ಪೂರ್ತಿ ‘ಬೇಜಾರು’ ಎಂಬ ಒಂದೇ ಪದದಿಂದ ತುಂಬಿರುತ್ತದೆ. ಆ ಪದವನ್ನು ಒಡೆಯಿರಿ: ದಣಿವೇ, ಅವಮಾನವೇ, ಒಂಟಿತನವೇ, ಭಯವೇ, ಮಾಡಲು ಕೆಲಸವಿಲ್ಲದ್ದೇ, ಮಾಡಬೇಕಾದ ಕೆಲಸವನ್ನು ಮುಂದೂಡುತ್ತಿರುವುದೇ? ಭಾವನೆಗೆ ಸರಿಯಾದ ಹೆಸರಿಟ್ಟ ಮಾತ್ರಕ್ಕೆ ಅದರ ಬಿಸಿ ಒಂದಿಷ್ಟು ಆರುತ್ತದೆ.

ಹತ್ತು ಹದಿನಾಲ್ಕು ದಿನವಾದ ಮೇಲೆ ಎಲ್ಲ ಪುಟಗಳನ್ನೂ ಒಟ್ಟಿಗೆ ಓದಿ. ಹಸಿವಿನ ಅಂಕ 5 ಅಥವಾ ಹೆಚ್ಚಿದ್ದು ತಿಂದ ಕಡೆಯೆಲ್ಲ ಗೆರೆ ಎಳೆಯಿರಿ. ಹೆಚ್ಚಿನವರಿಗೆ ಎರಡು ಮೂರು ಕಾರಣಗಳೇ ಮತ್ತೆ ಮತ್ತೆ ಸಿಗುತ್ತವೆ, ದಿನದ ಒಂದೆರಡು ಹೊತ್ತುಗಳೇ. ಮುಟ್ಟಾಗುವ ಹೆಂಗಸರು ತಿಂಗಳ ದಿನವನ್ನೂ ಗುರುತಿಸಿಕೊಳ್ಳಿ. ಮುಟ್ಟಿಗೆ ಮುಂಚಿನ ವಾರದಲ್ಲಿ ಹಸಿವು ನಿಜವಾಗಿಯೂ ಹೆಚ್ಚಿರಬಹುದು, ಆಗ ಊಟವನ್ನೇ ಒಂದಿಷ್ಟು ಹೆಚ್ಚಿಸುವುದು ಸರಿ.

ತುಡಿತ ಬಂದ ಆ ಹತ್ತು ನಿಮಿಷ

ಪುಸ್ತಕ ಶುರುವಾಗಿ ಎರಡು ವಾರವಾದ ಮೇಲೆ ಈ ಹೆಜ್ಜೆ. ತಿನ್ನಬೇಕೆಂಬ ತುಡಿತ ಹಾಲು ಉಕ್ಕಿದ ಹಾಗೆ ಏರುತ್ತದೆ, ಉರಿ ತಗ್ಗಿಸಿದರೆ ತಾನೇ ಇಳಿಯುತ್ತದೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದೊಳಗೆ ಇಳಿದಿರುತ್ತದೆ. ಅಷ್ಟು ಹೊತ್ತು ಕಾಯುವುದು ಆರಂಭದಲ್ಲಿ ಕಷ್ಟ, ಆದ್ದರಿಂದ ಹತ್ತು ನಿಮಿಷದಿಂದ ಶುರು ಮಾಡಿ.

1. ಎಲ್ಲಿದ್ದೀರೋ ಅಲ್ಲಿಂದ ಜಾಗ ಬದಲಿಸಿ. ಅಡುಗೆಮನೆಯಲ್ಲಿ ನಿಂತು ಕಾಯುವುದು ಕಾಯುವುದೇ ಅಲ್ಲ.
2. ಫೋನಿನಲ್ಲಿ ಹತ್ತು ನಿಮಿಷದ ಅಲಾರಂ ಇಡಿ. ‘ಅಲಾರಂ ಆದ ಮೇಲೂ ಬೇಕೆನಿಸಿದರೆ ತಿನ್ನುತ್ತೇನೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ.
3. ಹಸಿವಿಗೆ ಅಂಕ ಕೊಡಿ. ನಾಲ್ಕು ಅಥವಾ ಕಡಿಮೆಯಿದ್ದರೆ ಅಲಾರಂ ನಿಲ್ಲಿಸಿ, ತಟ್ಟೆಗೆ ಬಡಿಸಿಕೊಂಡು ಊಟ ಮಾಡಿ. ಅದು ಹಸಿವು.
4. ಐದು ಅಥವಾ ಹೆಚ್ಚಿದ್ದರೆ ಮೊದಲ ಎರಡು ನಿಮಿಷ ನಿಧಾನ ಉಸಿರಾಟ: ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರಾಗುತ್ತದೆ.
5. ಆಮೇಲೆ ‘ನನಗೆ ಈಗ ____ ಆಗುತ್ತಿದೆ, ಏಕೆಂದರೆ ____’ ಎಂಬ ವಾಕ್ಯ ತುಂಬಿಸಿ, ಬರೆಯಿರಿ.
6. ಉಳಿದ ಹೊತ್ತು ಕಣ್ಣು ಮತ್ತು ಕೈ ಎರಡಕ್ಕೂ ಕೆಲಸ ಕೊಡಿ.

ಕೊನೆಯದರ ಬಗ್ಗೆ ಸ್ವಲ್ಪ ವಿವರ ಬೇಕು. ತುಡಿತ ಬೆಳೆಯುವುದು ಚಿತ್ರದಿಂದ. ಕಣ್ಣು ಮುಚ್ಚಿದರೆ ಆ ತಿಂಡಿ ಕಾಣುತ್ತದೆ, ಅದರ ವಾಸನೆ ಬರುತ್ತದೆ, ನಾಲಿಗೆಯ ಮೇಲೆ ಇಟ್ಟ ಹಾಗಾಗುತ್ತದೆ. ಕಣ್ಣಿನ ಕಲ್ಪನೆಯನ್ನು ಬೇರೆ ಕೆಲಸಕ್ಕೆ ಹಚ್ಚಿದರೆ ಈ ಚಿತ್ರಕ್ಕೆ ಜಾಗ ಸಾಲುವುದಿಲ್ಲ. 2014ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಮೂರೇ ನಿಮಿಷ ಟೆಟ್ರಿಸ್ (ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೊ ಆಟ) ಆಡಿಸಿ ನೋಡಿದಾಗ, ಆಡಿದವರ ತುಡಿತ ಸುಮ್ಮನೆ ಪರದೆ ನೋಡುತ್ತ ಕಾದವರದಕ್ಕಿಂತ ಹೆಚ್ಚು ತಗ್ಗಿತ್ತು. ಪದಬಂಧಕ್ಕಿಂತ ಚಿತ್ರದ ತುಂಡುಗಳನ್ನು ಜೋಡಿಸುವ ಜಿಗ್ಸಾ, ಹಾಡು ಕೇಳುವುದಕ್ಕಿಂತ ಹೆಣಿಗೆ, ಚಿತ್ರ ಬಿಡಿಸುವುದು, ಬಟ್ಟೆ ಮಡಚುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಟಿವಿ ನೋಡುವುದು ಉಪಯೋಗಕ್ಕೆ ಬಾರದು, ಕೈ ಖಾಲಿ ಇರುತ್ತದೆ, ಪರದೆಯ ಮೇಲೆ ತಿಂಡಿಯ ಜಾಹೀರಾತು ಬರುತ್ತದೆ. ನಡಿಗೆ ಇನ್ನೂ ಒಳ್ಳೆಯದು. ಎಕ್ಸಿಟರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ದಿನಾ ಚಾಕೊಲೇಟ್ ತಿನ್ನುವವರು ಹದಿನೈದು ನಿಮಿಷ ಬಿರುಸಾಗಿ ನಡೆದು ಬಂದು ಮೇಜಿನ ಕೆಲಸಕ್ಕೆ ಕೂತಾಗ, ನಡೆಯದವರು ತಿಂದದ್ದರ ಸುಮಾರು ಅರ್ಧದಷ್ಟೇ ಚಾಕೊಲೇಟ್ ತಿಂದರು.

ಈ ಹೆಜ್ಜೆ ಕೆಡುವುದು ಎರಡು ಕಡೆ. ಒಂದು, ಹತ್ತು ನಿಮಿಷವನ್ನು ಶಿಕ್ಷೆಯಾಗಿ ಮಾಡಿಕೊಳ್ಳುವುದು. ಅಲಾರಂ ಆದ ಮೇಲೆ ತಿನ್ನುವ ಅನುಮತಿ ನಿಜವಾದ ಅನುಮತಿಯಾಗಿರಬೇಕು. ಇಲ್ಲದಿದ್ದರೆ ಮನಸ್ಸು ಮೂರನೆಯ ಸಲಕ್ಕೆ ಅಲಾರಂ ಇಡುವುದನ್ನೇ ಬಿಡುತ್ತದೆ. ಎರಡು, ಮನಸ್ಸು ತೀರಾ ಕದಡಿದಾಗ ಮೊದಲ ಬಾರಿಗೆ ಪ್ರಯತ್ನಿಸುವುದು. ಸಣ್ಣ ಬೇಸರದ ದಿನ, ಮಧ್ಯಾಹ್ನದ ಚಿಕ್ಕ ತುಡಿತದ ಮೇಲೆ ಮೊದಲು ಅಭ್ಯಾಸ ಮಾಡಿ.

ಕಾರಣಕ್ಕೆ ತಕ್ಕ ಉಪಾಯ

ಎಲ್ಲ ಬೇಸರಕ್ಕೂ ‘ಧ್ಯಾನ ಮಾಡಿ’ ಎನ್ನುವ ಸಲಹೆಯಿಂದ ಹೆಚ್ಚೇನೂ ಆಗದು. ನಿಮ್ಮ ಪುಸ್ತಕ ತೋರಿಸಿದ ಎರಡು ಮೂರು ಕಾರಣಗಳಿಗೆ ಮಾತ್ರ ಉಪಾಯ ಹುಡುಕಿ, ಉಳಿದದ್ದು ಇರಲಿ.

ದಣಿವಿಗೆ ಬೇಕಿರುವುದು ವಿಶ್ರಾಂತಿ. ಸಂಜೆ ಮನೆಗೆ ಬಂದು ಹತ್ತು ನಿಮಿಷ ಕಾಲು ಚಾಚಿ ಮಲಗುವುದನ್ನು ಸೋಮಾರಿತನ ಎಂದುಕೊಳ್ಳುವವರು, ಅದೇ ಹತ್ತು ನಿಮಿಷವನ್ನು ತಿನ್ನುತ್ತ ಕಳೆಯುತ್ತಾರೆ, ಏಕೆಂದರೆ ತಿನ್ನುವಾಗ ಮಾತ್ರ ಯಾರೂ ಕೆಲಸ ಹೇಳುವುದಿಲ್ಲ. ಮನೆ, ಮಕ್ಕಳು, ಹಿರಿಯರು ಎಲ್ಲವನ್ನೂ ಹೊತ್ತವರಲ್ಲಿ ಇದು ಬಹಳ ಸಾಮಾನ್ಯ. ಅವರಿಗೆ ಬೇಕಾದದ್ದು ಹಂಚಿಕೊಳ್ಳುವ ಕೈ, ಅದನ್ನು ಬಾಯಿಬಿಟ್ಟು ಕೇಳಬೇಕು: ‘ಏಳರಿಂದ ಏಳೂಕಾಲರವರೆಗೆ ನನ್ನನ್ನು ಕರೆಯಬೇಡಿ’ ಎಂದು ಹೊತ್ತು ಹೇಳಿ ಕೇಳಿದರೆ ನಡೆಯುತ್ತದೆ, ‘ನನಗೂ ಸ್ವಲ್ಪ ಸಮಯ ಬೇಕು’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ನುಂಗಿದ ಸಿಟ್ಟಿಗೆ ಮೊದಲು ದೇಹದ ಕೆಲಸ: ಬಿರುಸು ನಡಿಗೆ, ಮೆಟ್ಟಿಲು ಹತ್ತಿ ಇಳಿಯುವುದು, ಬಟ್ಟೆ ಒಗೆಯುವುದು. ತಣ್ಣಗಾದ ಮೇಲೆ, ಹೇಳಬೇಕಿದ್ದ ಮಾತನ್ನು ಕಾಗದದ ಮೇಲೆ ಒಂದೇ ವಾಕ್ಯಕ್ಕೆ ಇಳಿಸಿ. ಮರುದಿನ ಓದಿ, ಹೇಳಲೇಬೇಕೋ ಬೇಡವೋ ನಿರ್ಧರಿಸಿ. ಅದೇ ರಾತ್ರಿ ಮೆಸೇಜ್ ಕಳಿಸಬೇಡಿ.

ಒಂಟಿತನಕ್ಕೆ ಮನುಷ್ಯರೇ ಬೇಕು, ಫೋನಿನಲ್ಲಿ ಇತರರ ಫೋಟೊ ನೋಡುವುದು ಅದನ್ನು ಹೆಚ್ಚಿಸುತ್ತದೆ. ಕಾರಣ ಕೇಳದೆ ಐದು ನಿಮಿಷ ಮಾತಾಡಬಲ್ಲ ಮೂವರ ಹೆಸರನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ, ಆ ಹೊತ್ತಿನಲ್ಲಿ ಯೋಚಿಸಲು ಆಗುವುದಿಲ್ಲ. ಚಿಂತೆಗೆ, ಅದನ್ನು ಬರೆದು ‘ನಾಳೆ ಮಾಡಬಹುದಾದ ಒಂದು ಕೆಲಸ’ವನ್ನು ಪಕ್ಕದಲ್ಲಿ ಬರೆಯಿರಿ. ಮುಂದೂಡುತ್ತಿರುವ ಕೆಲಸವಿದ್ದರೆ ಐದೇ ನಿಮಿಷ ಮಾಡಿ ನಿಲ್ಲಿಸಿ.

ಉಪಾಯವನ್ನು ‘ಹೀಗಾದರೆ ಹೀಗೆ’ ಎಂಬ ರೂಪದಲ್ಲಿ ಬರೆದರೆ ನೆನಪಿಗೆ ಬರುತ್ತದೆ: ‘ಅಣ್ಣನ ಫೋನ್ ಇಟ್ಟ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತೇನೆ.’ ‘ಸಿಟ್ಟು ಬಂದಾಗ ಶಾಂತವಾಗಿರುತ್ತೇನೆ’ ಎಂಬುದು ಉಪಾಯವಲ್ಲ, ಅದರಲ್ಲಿ ಕೈಕಾಲಿಗೆ ಕೆಲಸವಿಲ್ಲ. ಒಂದು ಸಲಕ್ಕೆ ಒಂದೇ ವಾಕ್ಯ, ಎರಡು ವಾರ. ಮದ್ಯವನ್ನು ಉಪಾಯದ ಪಟ್ಟಿಗೆ ಸೇರಿಸಬೇಡಿ. ಅದು ತಡೆಯನ್ನೇ ಸಡಿಲಿಸಿ ಹೆಚ್ಚು ತಿನ್ನಿಸುತ್ತದೆ.

ಮನೆಯ ಜೋಡಣೆ

ಕಣ್ಣಿಗೆ ಬೀಳುವುದನ್ನು, ಕೈಗೆ ಎಟಕುವುದನ್ನು ಹೆಚ್ಚು ತಿನ್ನುತ್ತೇವೆ. ಕುರುಕಲನ್ನು ಪಾರದರ್ಶಕ ಡಬ್ಬಿಯಿಂದ ತೆಗೆದು ಮೇಲಿನ ಕಪಾಟಿನಲ್ಲಿಡಿ, ದೊಡ್ಡ ಪ್ಯಾಕೆಟ್ ತರುವ ಬದಲು ಚಿಕ್ಕವು ತನ್ನಿ, ಮೇಜಿನ ಮೇಲೆ ಹಣ್ಣು ಇಡಿ. ಬೀಗ ಹಾಕಬೇಡಿ, ಮನೆಯವರ ಕೈಲಿ ಕೀಲಿ ಕೊಡಬೇಡಿ, ಅದು ಕದ್ದು ತಿನ್ನುವುದನ್ನು ಕಲಿಸುತ್ತದೆ. ಫೋನಿನ ಆಹಾರ ಆ್ಯಪ್‌ಗಳಿಂದ ಕಾರ್ಡಿನ ವಿವರ ಅಳಿಸಿದರೆ, ಪ್ರತಿ ಸಲ ಸಂಖ್ಯೆ ತುಂಬಿಸುವ ಒಂದು ನಿಮಿಷ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ತಿನ್ನುವುದೇ ಸರಿ ಎಂದು ನಿರ್ಧರಿಸಿದರೆ

ಅಲಾರಂ ಆಯಿತು, ಇನ್ನೂ ಬೇಕು. ಹಾಗಾದರೆ ತಿನ್ನಿ, ಚೆನ್ನಾಗಿ ತಿನ್ನಿ. ತಟ್ಟೆಗೆ ಹಾಕಿಕೊಳ್ಳಿ, ಪ್ಯಾಕೆಟ್ ಮುಚ್ಚಿ ಒಳಗಿಟ್ಟು ಬನ್ನಿ. ಕುರ್ಚಿಯಲ್ಲಿ ಕೂತು, ಪರದೆ ಆರಿಸಿ, ಮೊದಲ ಮೂರು ತುತ್ತನ್ನು ನಿಧಾನವಾಗಿ ಅಗಿಯಿರಿ. ರುಚಿ ಹೆಚ್ಚು ಸಿಗುವುದು ಮೊದಲ ಕೆಲವು ತುತ್ತಿನಲ್ಲೇ, ಆಮೇಲಿನದು ಬಹುಪಾಲು ಕೈಯ ಓಟ. ತಟ್ಟೆ ಅರ್ಧವಾದಾಗ ಒಮ್ಮೆ ನಿಲ್ಲಿಸಿ ‘ಇನ್ನೂ ರುಚಿಸುತ್ತಿದೆಯೇ?’ ಎಂದು ಕೇಳಿಕೊಳ್ಳಿ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಮತ್ತೆ ಬೇಕೆನಿಸಿದರೆ ಎದ್ದು ಹೋಗಿ ಬಡಿಸಿಕೊಂಡು ಬನ್ನಿ, ಪ್ಯಾಕೆಟ್ ಪಕ್ಕಕ್ಕೆ ತರಬೇಡಿ.

ಹೆಚ್ಚು ತಿಂದುಬಿಟ್ಟ ಮೇಲೆ

ಇಲ್ಲೇ ಅಭ್ಯಾಸ ಬೇರು ಬಿಡುವುದು, ಆದ್ದರಿಂದ ಇಲ್ಲಿ ಏನು ಮಾಡುತ್ತೀರಿ ಎಂಬುದಕ್ಕೆ ಬಹಳ ಬೆಲೆ. ಮುಂದಿನ ಊಟವನ್ನು ಅದರ ಹೊತ್ತಿಗೆ ಮಾಡಿ, ಮಾಮೂಲಿ ಪ್ರಮಾಣದಲ್ಲಿ. ಉಪವಾಸ ಬೇಡ, ಮರುದಿನ ಎರಡು ಪಟ್ಟು ವ್ಯಾಯಾಮ ಬೇಡ. ರಾತ್ರಿ ತಿಂದದ್ದಕ್ಕೆ ಬೆಳಗ್ಗೆ ಬಿಟ್ಟರೆ ಸಂಜೆ ಮತ್ತೆ ಅದೇ ಅಡುಗೆಮನೆ, ಅದೇ ಪ್ಯಾಕೆಟ್.

ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸುವುದೂ ಚಿಕಿತ್ಸೆಯ ಭಾಗ. 2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ನಡೆಸಿದ ಪ್ರಯೋಗದಲ್ಲಿ ಕೆಲವು ಯುವತಿಯರಿಗೆ ಡೋನಟ್ ತಿನ್ನಿಸಿ, ಅವರಲ್ಲಿ ಅರ್ಧ ಜನರಿಗೆ ‘ಎಲ್ಲರೂ ತಿನ್ನುತ್ತಾರೆ, ನಿಮ್ಮ ಮೇಲೆ ಕಟುವಾಗಬೇಡಿ’ ಎಂಬರ್ಥದ ಎರಡು ಮಾತು ಹೇಳಿದರು. ಊಟದ ಬಗ್ಗೆ ಕಟ್ಟುನಿಟ್ಟಿದ್ದವರಲ್ಲಿ ಆ ಮಾತು ಕೇಳಿಸಿಕೊಂಡವರು ಆಮೇಲೆ ಎದುರಿಗಿಟ್ಟ ಮಿಠಾಯಿಯನ್ನು ಕಡಿಮೆ ತಿಂದರು. ಬೈಗುಳವೂ ಒಂದು ಸಂಕಟ, ಸಂಕಟಕ್ಕೆ ತಿನ್ನುವುದು ಕಲಿತಿರುವ ಮನಸ್ಸು ಅದಕ್ಕೂ ತಿನ್ನುತ್ತದೆ.

ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ, ಸಿಟ್ಟಿಲ್ಲದೆ: ಆ ದಿನ ಯಾವ ಊಟ ತಪ್ಪಿತ್ತು, ನಿದ್ದೆ ಎಷ್ಟಾಗಿತ್ತು, ಏನು ನಡೆದಿತ್ತು. ಅಷ್ಟೇ.

ಮನೆಯಲ್ಲಿ ಇಂಥವರಿದ್ದರೆ, ಅವರ ತಟ್ಟೆ ನೋಡಬೇಡಿ, ‘ಮತ್ತೆ ತಿಂತಿದ್ದೀಯಾ?’ ಎನ್ನಬೇಡಿ, ತೂಕದ ಮಾತು ತೆಗೆಯಬೇಡಿ. ಒಟ್ಟಿಗೆ ಕೂತು ಊಟ ಮಾಡಿ, ಊಟವಾದ ಮೇಲೆ ನಡೆಯಲು ಕರೆಯಿರಿ. ಮಗು ಅತ್ತಾಗಲೆಲ್ಲ ಬಿಸ್ಕೆಟ್ ಕೊಟ್ಟು ಸುಮ್ಮನಾಗಿಸುವುದನ್ನೂ ಬಿಡಿ, ಮೊದಲು ಎತ್ತಿಕೊಂಡು ಏನಾಯಿತೆಂದು ಕೇಳಿ.

ಯಾವಾಗ ವೈದ್ಯರ ಬಳಿ ಹೋಗಬೇಕು

ಕಡಿಮೆ ಹೊತ್ತಿನಲ್ಲಿ ಬೇರೆಯವರು ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ಹೋಗುವುದು, ಹೀಗೆ ವಾರಕ್ಕೆ ಒಮ್ಮೆಯಾದರೂ ಮೂರು ತಿಂಗಳು ನಡೆದಿದ್ದರೆ ಅದು ಅಭ್ಯಾಸದ ಮಟ್ಟ ದಾಟಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿ ಇದನ್ನು ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ತೀರಾ ಬೇಗ ಬೇಗ ತಿನ್ನುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ಹಸಿವಿಲ್ಲದೆ ರಾಶಿ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೆ ಅಸಹ್ಯಪಡುವುದು, ಈ ಐದರಲ್ಲಿ ಮೂರಾದರೂ ಇರುತ್ತವೆ. ತೂಕ ನೋಡಿ ಇದನ್ನು ನಿರ್ಧರಿಸಲಾಗದು, ತೆಳ್ಳಗಿರುವವರಿಗೂ ಬರುತ್ತದೆ.

ತಿಂದ ಮೇಲೆ ವಾಂತಿ ಮಾಡಿಕೊಳ್ಳುವವರು, ಭೇದಿ ಮಾತ್ರೆ ನುಂಗುವವರು ಈ ಬರಹದ ಹೆಜ್ಜೆಗಳನ್ನು ತಾವಾಗಿ ಪ್ರಯತ್ನಿಸುತ್ತ ಕಾಲ ಕಳೆಯಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು, ಬೇಗ ಹೋಗಬೇಕು. ಯಾವುದರಲ್ಲೂ ಆಸಕ್ತಿಯಿಲ್ಲದ ಖಿನ್ನತೆ ಎರಡು ವಾರ ದಾಟಿದ್ದರೂ ಅಷ್ಟೇ. ಬದುಕುವುದು ಬೇಡ ಎನಿಸುತ್ತಿದ್ದರೆ ಒಂದು ದಿನವೂ ತಡ ಮಾಡಬಾರದು, ಹತ್ತಿರದವರಿಗೆ ಹೇಳಿ ಅಂದೇ ಆಸ್ಪತ್ರೆಗೆ ಹೋಗಿ. ಹೊಸ ಔಷಧಿ ಶುರುವಾದ ಮೇಲೆ ಹಸಿವು ಏರಿದ್ದರೆ, ಸ್ಟೀರಾಯ್ಡ್, ಕೆಲವು ಮನೋರೋಗದ ಮಾತ್ರೆಗಳಿಂದ ಹಾಗಾಗುವುದುಂಟು, ಬರೆದುಕೊಟ್ಟ ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರ ಮೊದಲ ಭೇಟಿಗೆ ಪುಸ್ತಕದ ಕೊನೆಯ ಎರಡು ವಾರದ ಪುಟ, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ, ಹಿಂದೆ ಮಾಡಿದ ಪಥ್ಯಗಳ ವಿವರ ಒಯ್ಯಿರಿ. ಎದುರಿಗೆ ಕೂತು ಹೇಳಲು ನಾಚಿಕೆಯಾದರೆ ಪುಟವನ್ನೇ ಮುಂದಿಡಿ. ಈ ತೊಂದರೆಗೆ ಚೆನ್ನಾಗಿ ಪರೀಕ್ಷೆಯಾಗಿರುವ ಚಿಕಿತ್ಸೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಅದನ್ನು ಕೊಡುತ್ತಾರೆಯೇ, ಎಷ್ಟು ಭೇಟಿ ಬೇಕಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ನೀವು ಹೇಳಿದ್ದನ್ನು ಪೂರ್ತಿ ಕೇಳದೆ ತೂಕ ಇಳಿಸುವ ಪಥ್ಯದ ಚೀಟಿ ಮಾತ್ರ ಬರೆದು ಕಳಿಸಿದರೆ, ಇನ್ನೊಬ್ಬರನ್ನು ನೋಡಿ.